ಎರಡಾಳು ನೀರಿನ ಕೆಳಗೆ ನಾವಿಬ್ಬರು

ಹುಮನಾಬಾದ್

ನನಗೆ ನೀರೆಂದರೆ ಭಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪರದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ಓದಿದರೆ ಅವರೆಲ್ಲ ಹುಟ್ಟುತ್ತಲೇ ಧೈರ್ಯವಂತರು ಅನ್ನಿಸುತ್ತದೆ. ನಾನು ಹಾಗಲ್ಲ. ಅಂಗಡಿಯ ಷಟರ್ ಎಳೆದು ಬೀಗ ಹಾಕಿ, ಹತ್ತು ಹೆಜ್ಜೆ ನಡೆದು, ತಿರುಗಿ ಬಂದು ಬೀಗ ಜಗ್ಗಿ ನೋಡುವವನು. ಮಳೆಗಾಲದಲ್ಲಿ ಬಸ್ಸು ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುವವನು. ಅಂಥವನು ನಲವತ್ತೇಳನೆಯ ವಯಸ್ಸಿನಲ್ಲಿ ಹೆಂಡತಿಯ ಜೊತೆ ಸಮುದ್ರದೊಳಗೆ ಇಳಿದದ್ದು ಹೇಗೆ, ಇಳಿದ ಮೇಲೆ ಏನು ಮಾಡಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಹುಮನಾಬಾದಿನಲ್ಲಿ ಹೆದ್ದಾರಿಯ ಮೇಲೆ ನನ್ನದೊಂದು ಸಿಮೆಂಟ್ ಅಂಗಡಿ ಇದೆ. ಆ ವರ್ಷಗಳಲ್ಲಿ ನಮ್ಮ ಕಡೆ ಎಲ್ಲರೂ ಮನೆ ಕಟ್ಟುತ್ತಿದ್ದರು. ಚೀಲಗಳು ಲಾರಿಯಿಂದ ಇಳಿದಷ್ಟೇ ಬೇಗ ಖಾಲಿಯಾಗುತ್ತಿದ್ದವು. ಒಂದು ದಿನ, ಹೆಚ್ಚು ಮಾರಿದ್ದಕ್ಕೆಂದು ಸಿಮೆಂಟ್ ಕಂಪನಿಯವರು ನನಗೆ ಥಾಯ್ಲೆಂಡಿನ ಪ್ರವಾಸ ಕೊಟ್ಟರು, ಇಬ್ಬರಿಗೆ. ಇಂಥ ಪ್ರವಾಸಕ್ಕೆ ನಮ್ಮ ಡೀಲರುಗಳು ತಮ್ಮನನ್ನೋ ಬೀಗನನ್ನೋ ಕರೆದುಕೊಂಡು ಹೋಗುತ್ತಾರೆ. ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆಂದಾಗ ಭಾಲ್ಕಿಯ ಡೀಲರೊಬ್ಬರು ಫೋನಿನಲ್ಲೇ ಬಿದ್ದು ಬಿದ್ದು ನಕ್ಕರು.

ಕಂಪನಿಯವರು ಕಳಿಸಿದ ಬಣ್ಣದ ಕಾಗದದಲ್ಲಿ ಒಂದು ಚಿತ್ರವಿತ್ತು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಒಬ್ಬ ಗಂಡಸು, ಒಬ್ಬ ಹೆಂಗಸು ಕೈ ಕೈ ಹಿಡಿದು ನೀರಿನ ತಳದಲ್ಲಿ ತೇಲುತ್ತಿದ್ದರು. ಸುತ್ತ ಹಳದಿ ಮೀನುಗಳಿದ್ದವು. ನನ್ನ ಹೆಂಡತಿ ಕಸ್ತೂರಿ ಆ ಕಾಗದವನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದಳು. ಮೂರನೆಯ ದಿನ ನನಗೆ ರೊಟ್ಟಿ ಬಡಿಸುತ್ತ ಕೇಳಿದಳು.

"ಈ ಮಂದಿ ಏನ್ ಮಾಡಾಕತ್ತಾರ್ರಿ?"

"ಸಮುದ್ರದಾಗ ಮುಳುಗ್ಯಾರ."

"ಮುಳುಗಿ?"

"ಮುಳುಗಿ ಮೀನ ನೋಡತಾರ. ಮತ್ತ ಮ್ಯಾಲ ಬರತಾರ."

"ನಾವೂ ಮುಳುಗೋಣ್ರಿ."

ಕಸ್ತೂರಿ ಮಂಠಾಳದವಳು. ತವರಿನ ಹೊಲದ ಬಾವಿಯಲ್ಲಿ ಅಣ್ಣಂದಿರ ಜೊತೆ ಜಿಗಿದು ಈಜಿ ಬೆಳೆದವಳು. ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೆ ಇಪ್ಪತ್ನಾಲ್ಕು ವರ್ಷ ಆಕೆಗೆ ಸಿಕ್ಕ ನೀರೆಲ್ಲ ನಲ್ಲಿಯದು, ಬಕೆಟ್ಟಿನದು. ಸೊಸೆಯಾದವಳು ಬಾವಿಗೆ ಜಿಗಿದಾಳೆಯೇ? ಆಕೆ ಅದನ್ನು ಕೇಳಲೂ ಇಲ್ಲ, ನಾನು ಅದನ್ನು ನೆನೆಯಲೂ ಇಲ್ಲ.

"ನೀ ಇಳಿ. ನಾ ದಂಡಿಮ್ಯಾಲ ಕೂತು ನೋಡತೀನಿ," ಎಂದೆ.

"ಅಂವ ಆಕಿ ಕೈ ಹಿಡದಾನ ನೋಡ್ರಿ. ನೀವು ದಂಡಿಮ್ಯಾಲ ಕೂತ್ರ ನನ್ನ ಕೈ ಯಾರು ಹಿಡೀತಾರ?"

ನೀರು ಕುಡಿದು, "ಆಯ್ತು. ನಾನೂ ಇಳೀತೀನಿ. ನಿನ್ನ ಕೈ ಬಿಡಂಗಿಲ್ಲ," ಎಂದುಬಿಟ್ಟೆ. ಹೇಳಿದ ಮರುಕ್ಷಣವೇ ಹೇಳಬಾರದಿತ್ತು ಅನ್ನಿಸಿತು. ಆದರೆ ಆಕೆಯ ಮುಖ ನೋಡಿದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯವೂ ಬರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ರಫೀಕ್ ಭಾಯಿಯ ನೆಟ್ ಸೆಂಟರ್ ಇತ್ತು. ಮೊದಲು ಎಸ್‌ಟಿಡಿ ಬೂತ್ ಇಟ್ಟಿದ್ದವರು ಆಗಷ್ಟೇ ಎರಡು ಕಂಪ್ಯೂಟರ್ ತಂದಿದ್ದರು. ನಾವು ಹೋಗಲಿದ್ದ ಪಟ್ಟಾಯದಲ್ಲಿ ಮುಳುಗುವುದನ್ನು ಕಲಿಸುವ ಒಂದು ಶಾಲೆಗೆ ಅವರ ಕೈಯಿಂದಲೇ ಮೇಲ್ ಹಾಕಿಸಿದೆ. ಹೊಸಬರು ಬರಬಹುದೇ? ಈಜು ಬರದಿದ್ದರೆ? ವಯಸ್ಸಾಗಿದ್ದರೆ? ನಾಲ್ಕು ದಿನಕ್ಕೆ ಉತ್ತರ ಬಂತು. ಬರಬಹುದು, ಕಲಿಸುವವರು ಪಕ್ಕದಲ್ಲೇ ಇರುತ್ತಾರೆ, ಭಯ ಬೇಡ ಎಂದಿತ್ತು. ಜೊತೆಗೆ ಒಂದು ಫಾರಂ ಇತ್ತು. ರಫೀಕ್ ಭಾಯಿ ಕನ್ನಡಕ ಏರಿಸಿ ಒಂದೊಂದೇ ಪ್ರಶ್ನೆ ಓದಿದರು. ಉಬ್ಬಸ ಇದೆಯೇ? ಎದೆನೋವು? ತಲೆ ಸುತ್ತುವುದು? ಕಿವಿ ಸೋರುವುದು? ಮುಚ್ಚಿದ ಜಾಗದ ಭಯ?

"ಸಾಹುಕಾರ್ರ, ಇವ್ರು ನಿಮಗ ಸೈರ್ ಮಾಡಾಕ, ತಿರಗಾಡಾಕ ಕರಿಯಾಕತ್ತಾರೋ, ಆಪರೇಷನ್ನಿಗಿ ಕರಿಯಾಕತ್ತಾರೋ?"

ಭಯದ ಪ್ರಶ್ನೆಗೂ 'ಇಲ್ಲ' ಎಂದೇ ಬರೆಸಿದೆ. ನನ್ನ ಸುಳ್ಳು ಶುರುವಾದದ್ದು ಅಲ್ಲಿಂದ. ಕಾಗದದ ಕೊನೆಯಲ್ಲಿ ಎರಡು ನಿಯಮಗಳಿದ್ದವು. ನೀರಿನೊಳಗೆ ಜೋಡಿಯಾಗಿಯೇ ಇರಬೇಕು, ಒಬ್ಬರ ಉಸಿರಿಗೆ ಇನ್ನೊಬ್ಬರು ಹೊಣೆ. ಕೊರಳಲ್ಲಿ ಏನೂ ತೂಗಾಡಬಾರದು. ಎರಡನೆಯದನ್ನು ಕೇಳಿ ನನ್ನ ಕೈ ತಾನಾಗಿಯೇ ಅಂಗಿಯೊಳಗಿನ ಕರಡಿಗೆಯ ಮೇಲೆ ಹೋಯಿತು. ಮೊದಲನೆಯದರ ಬಗ್ಗೆ ನಾನು ಹೆಚ್ಚು ಯೋಚಿಸಲಿಲ್ಲ.

ಕಲ್ಯಾಣ

ಬೆಳ್ಳಿಯ ಆ ಸಣ್ಣ ಡಬ್ಬಿಯಲ್ಲಿ ನನ್ನ ಇಷ್ಟಲಿಂಗವಿದೆ. ನಾನು ಹುಟ್ಟಿದಾಗ ಕಟ್ಟಿದ್ದು. ಮೈಮೇಲಿಂದ ಅದು ಇಳಿದಿಲ್ಲ. ಸೊಲ್ಲಾಪುರದಲ್ಲಿ ಹರ್ನಿಯಾ ಆಪರೇಷನ್ ಆದಾಗಲೂ ನರ್ಸಮ್ಮ ಅದನ್ನು ನನ್ನ ತೋಳಿಗೆ ಬ್ಯಾಂಡೇಜಿನಿಂದ ಕಟ್ಟಿಯೇ ಒಳಗೆ ಕಳಿಸಿದ್ದಳು. ನಮ್ಮ ಅಜ್ಜನ ಲಿಂಗ ಒಮ್ಮೆ ರಾಶಿಯ ಕಣದಲ್ಲಿ ದಾರ ಹರಿದು ಬಿತ್ತಂತೆ. ಸಿಗುವವರೆಗೆ ಎರಡು ಹಗಲು ಎರಡು ರಾತ್ರಿ ಅಜ್ಜ ಅನ್ನ ನೀರು ಮುಟ್ಟಲಿಲ್ಲ. ಮನೆಮಂದಿಯೆಲ್ಲ ಜೋಳದ ರಾಶಿಯನ್ನು ಜರಡಿ ಹಿಡಿದರು. ಜೋಳದ ರಾಶಿಯನ್ನೇನೋ ಜರಡಿ ಹಿಡಿಯಬಹುದು, ಸಮುದ್ರವನ್ನು ಯಾವ ಜರಡಿಯಲ್ಲಿ ಹಿಡಿಯುವುದು? ಅಂಗಡಿಯಲ್ಲಿ ಚೀಲ ಎಣಿಸುವಾಗಲೂ ನನಗೆ ಇದೇ ಯೋಚನೆ.

ಬಸವಕಲ್ಯಾಣದ ಒಂದು ಸಣ್ಣ ಮಠದ ಅಪ್ಪಾವರು ನಮ್ಮ ಮನೆತನಕ್ಕೆ ಹಿರಿಯರಿದ್ದಂತೆ. ಸೋಮವಾರ ಇಬ್ಬರೂ ಬಸ್ಸು ಹತ್ತಿ ಹೋಗಿ ಕಾಲು ಬಿದ್ದು ಕೂತೆವು. ಅಪ್ಪಾವರು ಎಲ್ಲವನ್ನೂ ಕೇಳಿಸಿಕೊಂಡರು. ಸಿಲಿಂಡರ್ ಹೇಗಿರುತ್ತದೆ, ಗಾಳಿ ಎಷ್ಟು ಹೊತ್ತು ಬರುತ್ತದೆ ಎಂದು ನನಗಿಂತ ಆಸಕ್ತಿಯಿಂದ ವಿಚಾರಿಸಿದರು.

"ಲಿಂಗ ಕಟಗೊಂಡು ಸಮುದ್ರಕ್ಕ ಇಳೀಬಹುದೇನ್ರಿ ಅಪ್ಪಾವರೆ?"

"ಜಳಕ ಮಾಡೂಮುಂದ ತಗದಿಡತೀ ಏನಪಾ?"

"ಇಲ್ರಿ."

"ಮತ್ತ? ಅದೂ ನೀರ, ಇದೂ ನೀರ. ಜರಾ ಉಪ್ಪ ಹೆಚ್ಚ."

ಕಸ್ತೂರಿ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ನಗು ಬರಲಿಲ್ಲ. "ಬಿದ್ದು ಹೋದ್ರ?" ಎಂದೆ.

ಅಪ್ಪಾವರು ನನ್ನನ್ನೇ ನೋಡಿದರು. "ತಮ್ಮಾ, ಅದು ನಿನ್ನ ಕಾಯತದ ಅಂತ ತಿಳದೀಯೋ, ನೀ ಅದನ್ನ ಕಾಯತೀ ಅಂತ ತಿಳದೀಯೋ?"

ನಾನು ತಲೆ ತಗ್ಗಿಸಿದೆ. ಬಸ್ಸಿನಲ್ಲಿ ಕಸ್ತೂರಿ ತನ್ನ ಉಪಾಯ ಹೇಳಿದಳು. ಆಪರೇಷನ್ನಿನಲ್ಲಿ ಮಾಡಿದಂತೆ ತೋಳಿಗೆ ಒಂದು ಅರಿವೆಯ ಪಟ್ಟಿ ಹೊಲಿದುಕೊಂಡರೆ ಆಯಿತು, ಮೇಲೆ ಅವರು ಕೊಡುವ ರಬ್ಬರಿನ ಬಟ್ಟೆ ಹೇಗೂ ಬಿಗಿಯಾಗಿರುತ್ತದೆ. ತನಗೊಂದು ನನಗೊಂದು ಪಟ್ಟಿಯನ್ನು ಆ ವಾರವೇ ಹೊಲಿದಳು. ನಾನು ತೋಳಿಗೆ ಹಾಕಿಕೊಂಡು ಜಾಡಿಸಿ ನೋಡಿದೆ. ಭದ್ರವಾಗಿಯೇ ಇತ್ತು. ಆದರೂ ನಂಬಿಕೆ ಬರಲಿಲ್ಲ.

ಮಂಠಾಳದ ಬಾವಿ

ಹೊರಡುವ ಮೊದಲು ನನಗೆ ಸ್ವಲ್ಪವಾದರೂ ಈಜು ಕಲಿಸಬೇಕೆಂದು ಕಸ್ತೂರಿ ತವರಿಗೆ ಎಳೆದುಕೊಂಡು ಹೋದಳು. ಆಕೆಯ ಅಣ್ಣ ಶೇಂಗಾ ಎಣ್ಣೆಯ ಖಾಲಿ ಡಬ್ಬಿಯನ್ನು ನನ್ನ ಬೆನ್ನಿಗೆ ಹಗ್ಗದಿಂದ ಕಟ್ಟಿದ. ಅದು ಆರೇಳು ವರ್ಷದವರಿಗೆ ಕಟ್ಟುವ ಡಬ್ಬಿ. ಮೆಟ್ಟಿಲುಗಳನ್ನು ಕೂತುಕೊಂಡೇ ಒಂದೊಂದಾಗಿ ಇಳಿದೆ. ಮೇಲೆ ಬಾವಿಯ ಕಟ್ಟೆಗೆ ಹೊಲದ ಹೆಣ್ಣಾಳುಗಳೆಲ್ಲ ಕಳೆ ಕೀಳುವುದನ್ನು ಬಿಟ್ಟು ಬಂದು ನಿಂತಿದ್ದರು.

"ಅಳಿಯಂದಿರು ಸ್ವತಃ ಇಳಿಯಾಕತ್ತಾರೇನು, ಯಾರರೆ ದೂಡ್ಯಾರೋ?" ಎಂದು ಒಬ್ಬಳು ಕೇಳಿದಳು.

"ನಮ್ಮ ಕಸ್ತೂರವ್ವ ದೂಡ್ಯಾಳ," ಎಂದಳು ಇನ್ನೊಬ್ಬಳು.

ಕರಡಿಗೆ ತೇಲಿ ಹೋದೀತೆಂದು ಗದ್ದವನ್ನು ಎದೆಗೆ ಒತ್ತಿಕೊಂಡಿದ್ದೆ. ಮೂಗಿನ ತುಂಬ ನೀರು. ಕಸ್ತೂರಿ ಸೀರೆಯ ಕಚ್ಚೆ ಬಿಗಿದು ನನ್ನ ಪಕ್ಕದಲ್ಲಿಯೇ ಇಳಿದಳು. ಮೂವತ್ತು ಎಣಿಸುವಷ್ಟು ಹೊತ್ತು ಮುಳುಗಿ ಎದ್ದು, ಕೂದಲು ಹಿಂದಕ್ಕೆ ಸರಿಸಿ, ಯಾರನ್ನೂ ನೋಡದೆ ನಕ್ಕಳು. ಇಪ್ಪತ್ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರೂ ಆ ನಗುವನ್ನು ನಾನು ನೋಡಿರಲಿಲ್ಲ. ಅದನ್ನು ನೋಡಿದ ಮೇಲೆ ಪ್ರವಾಸ ತಪ್ಪಿಸುವ ನೆಪ ಹುಡುಕುವುದನ್ನು ಬಿಟ್ಟೆ. ಭಯ ಮಾತ್ರ ಹಾಗೆಯೇ ಇತ್ತು.

ವಿಮಾನ

ಹೈದರಾಬಾದಿನಿಂದ ಹೊರಟ ವಿಮಾನದಲ್ಲಿ ಗಗನಸಖಿ ಬಂದು, ವಿಮಾನ ನೀರಿಗೆ ಬಿದ್ದರೆ ಈ ಹಳದಿ ಅಂಗಿ ತೊಟ್ಟು ಹೀಗೆ ಊದಿ ಎಂದು ಮಾಡಿ ತೋರಿಸಿದಳು. ಯಾರೂ ತಲೆಯೆತ್ತಲಿಲ್ಲ. ನಾನೊಬ್ಬನೇ ಕೈಯೆತ್ತಿ, ಇನ್ನೊಮ್ಮೆ ತೋರಿಸಿ ಎಂದೆ. ಆಕೆ ಪಾಪ, ನನಗೊಬ್ಬನಿಗಾಗಿ ಇನ್ನೊಮ್ಮೆ ತೋರಿಸಿದಳು. ಬ್ಯಾಂಕಾಕ್ ಮುಟ್ಟುವವರೆಗೆ ಆಗಾಗ ಸೀಟಿನ ಕೆಳಗೆ ಕೈಹಾಕಿ ಆ ಅಂಗಿ ಇದೆಯೋ ಇಲ್ಲವೋ ನೋಡುತ್ತಿದ್ದೆ. ಕಸ್ತೂರಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ರೊಟ್ಟಿ ಮುರಿದ ಸದ್ದಿಗೆ ಮುಂದಿನ ಸೀಟಿನ ಬಿಳಿಯ ಮುದುಕ ಗಾಬರಿಯಿಂದ ತಿರುಗಿ ನೋಡಿದ. ಅವನಿಗೂ ಒಂದು ತುಂಡು ಕೊಟ್ಟೆವು. ಬಹಳ ಹೊತ್ತು ಅಗಿಯುತ್ತಿದ್ದ.

ಪಟ್ಟಾಯ

ಅಲ್ಲಿಯ ಜನ ಎದುರಾದಾಗಲೆಲ್ಲ ಕೈಮುಗಿಯುತ್ತಾರೆ. ನಮ್ಮ ಕಲ್ಯಾಣದ ಶರಣಾರ್ಥಿಯ ಹಾಗೆಯೇ, ತಲೆಯನ್ನೂ ಸ್ವಲ್ಪ ಬಾಗಿಸುತ್ತಾರೆ. ಕಸ್ತೂರಿಗೆ ಇದು ಬಹಳ ಹಿಡಿಸಿತು. ಹೋಟೆಲಿನ ಬಾಗಿಲಲ್ಲಿ ನಿಂತವನು ಕೈಮುಗಿದರೆ ಈಕೆ ನಿಂತು "ಶರಣ್ರಿ" ಎನ್ನುವಳು. ಇವಳು ಮುಗಿದಳೆಂದು ಅವನು ಮತ್ತೆ ಮುಗಿಯುವನು. ಅವನು ಮುಗಿದನೆಂದು ಇವಳು ಮತ್ತೆ. ಮೂರು ಸಲ ನಾನೇ ರಟ್ಟೆ ಹಿಡಿದು ಒಳಗೆ ಕರೆತರಬೇಕಾಯಿತು. ಪ್ರತಿ ಅಂಗಡಿಯ ಮುಂದೆಯೂ ಕಂಬದ ಮೇಲೆ ಒಂದು ಪುಟ್ಟ ಗುಡಿ. ಅದರ ಮುಂದೆ ಕೆಂಪು ಸೋಡಾ ಬಾಟಲಿ ಇಟ್ಟು, ದೇವರಿಗೆ ಕುಡಿಯಲು ಅನುಕೂಲವಾಗಲೆಂದು ಸ್ಟ್ರಾ ಕೂಡ ಹಾಕಿರುತ್ತಾರೆ. ನಮ್ಮ ಊರಲ್ಲಿ ದೇವರಿಗೆ ಕಾಯಿ ಒಡೆಯುವವರೆಗೆ ಮಾತ್ರ ನಮ್ಮ ಕೆಲಸ, ಹೇಗೆ ಕುಡಿಯಬೇಕೆಂಬ ಚಿಂತೆ ಅವನದೇ.

ಊಟಕ್ಕೆ ಮಾತ್ರ ಪಾಡುಪಟ್ಟೆವು. ಬರೀ ಸೊಪ್ಪು ಎಂದು ಕೊಟ್ಟದ್ದರಲ್ಲೂ ಮೀನಿನ ರಸ. ಕಂಪನಿಯ ಗುಂಪಿನವರು ಹೇಗೋ ಹೊಂದಿಕೊಂಡರು. ನಾವು ಪೇರಲ, ಬಾಳೆ, ಕಡಕ್ ರೊಟ್ಟಿಯ ಮೇಲಿದ್ದೆವು. ಕೋಣೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಪರದೆ ಎಳೆದೆ. ಕಸ್ತೂರಿ ಬಂದು ತೆಗೆದಳು. ಆಕೆ ಸ್ನಾನಕ್ಕೆ ಹೋದಾಗ ಮತ್ತೆ ಎಳೆದೆ.

ಮರುದಿನ ಬೆಳಿಗ್ಗೆ ದೋಣಿಗೆ ಹೊರಡಲು ಸಿದ್ಧರಾದೆವು. ಕಸ್ತೂರಿ ತನ್ನ ತೋಳಿಗೆ ಪಟ್ಟಿ ಕಟ್ಟಿಕೊಂಡು, ಲಿಂಗವನ್ನು ಅದರೊಳಗಿಟ್ಟು, ಎರಡು ಹೊಲಿಗೆ ಹಾಕಿ ಮುಗಿಸಿದಳು. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಊರಿನಿಂದ ಯಾರಿಗೂ ಹೇಳದೆ ಒಂದು ಹಳೆಯ ಧೋತರ ಹರಿದು ತಂದಿದ್ದೆ. ಕರಡಿಗೆಯನ್ನು ಎದೆಯ ನಡುವೆ ಇಟ್ಟು, ಅದರ ಮೇಲೆ ಆ ಅರಿವೆಯನ್ನು ಕಂಕುಳ ಕೆಳಗಿನಿಂದ ಐದು ಸುತ್ತು ಬಿಗಿಯಾಗಿ ಸುತ್ತಿ, ಬೆನ್ನಿನ ಹಿಂದೆ ಗಂಟು ಹಾಕಿದೆ. ಸಿಮೆಂಟ್ ಲಾರಿಯ ಟಾರ್ಪಾಲಿಗೆ ಹಾಕುವ ಗಂಟು ಅದು, ಎಳೆದಷ್ಟೂ ಬಿಗಿಯುವಂಥದ್ದು. ಇನ್ನು ಸಮುದ್ರರಾಜನೇ ಬಂದರೂ ಬಿಚ್ಚಲಾರ ಎಂದು ಸಮಾಧಾನವಾಯಿತು. ಮೇಲೆ ಬನಿಯನ್ ಹಾಕಿಕೊಂಡು ಹೊರಗೆ ಬಂದೆ. ಕಸ್ತೂರಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾಳೆಂದು ಹೆದರಿದೆ.

ದೋಣಿ

ಕಲಿಸಲು ಬಂದವಳು ನೋಯ್ ಎಂಬ ಹೆಂಗಸು. ಮೂವತ್ತರ ಆಸುಪಾಸಿನವಳು, ನನ್ನ ಭುಜದಷ್ಟೂ ಎತ್ತರವಿರಲಿಲ್ಲ. ಎರಡೆರಡು ಸಿಲಿಂಡರುಗಳನ್ನು ತುಂಬಿದ ಕೊಡದ ಹಾಗೆ ಎತ್ತಿ ಇಡುತ್ತಿದ್ದಳು. ಆಕೆಯ ಇಂಗ್ಲಿಷೂ ನನ್ನ ಇಂಗ್ಲಿಷೂ ಸರಿಸುಮಾರು ಒಂದೇ ಮಟ್ಟದ್ದು, ಹೀಗಾಗಿ ಚೆನ್ನಾಗಿ ಅರ್ಥವಾಗುತ್ತಿತ್ತು. ಕಸ್ತೂರಿಗೆ ಇಂಗ್ಲಿಷು ಬಾರದು. ಆದರೆ ನೀರಿನೊಳಗೆ ಎಲ್ಲವೂ ಕೈಸನ್ನೆ. ನೋಯ್ ಒಮ್ಮೆ ತೋರಿಸಿದ್ದನ್ನು ಕಸ್ತೂರಿ ಮರು ಉಸಿರಿಗೆ ಮಾಡಿ ತೋರಿಸುತ್ತಿದ್ದಳು. ಬಿ.ಕಾಂ. ಓದಿದ ನಾನು ಬೆರಳು ಎಣಿಸುತ್ತ ಕೂತಿದ್ದೆ.

ಹೇಳಿದ್ದರಲ್ಲಿ ಮುಖ್ಯವಾದದ್ದು ಇಷ್ಟು. ಸಿಲಿಂಡರಿನಿಂದ ಬಂದ ಕಪ್ಪು ಕೊಳವೆಯ ತುದಿಯನ್ನು ಬಾಯಲ್ಲಿ ಕಚ್ಚಿ ಉಸಿರಾಡಬೇಕು. ಉಸಿರು ಹಿಡಿದು ಮೇಲಕ್ಕೆ ಚಿಮ್ಮಬಾರದು, ಚಿಮ್ಮಿದರೆ ಶ್ವಾಸಕೋಶ ಹರಿದು ಹೋಗುತ್ತದೆ. ಪ್ರತಿಯೊಬ್ಬರ ಸಿಲಿಂಡರಿಗೂ ಇನ್ನೊಂದು ಹಳದಿ ಕೊಳವೆ ಇರುತ್ತದೆ, ಜೋಡಿಯವರಿಗೆ ಗಾಳಿ ಸಾಲದಿದ್ದರೆ ಅದನ್ನು ಕೊಡಬೇಕು. ಬೇಕಾದವರು ಕೊರಳ ಮೇಲೆ ಕೈ ಆಡಿಸಿ ಕೇಳಬೇಕು. ಕೇಳಬೇಕು, ಕಸಿಯಬಾರದು. ನೋಯ್ ಇದನ್ನು ಎರಡು ಸಲ ಹೇಳಿದಳು. ನಾನು ಎರಡು ಸಲವೂ ತಲೆಯಾಡಿಸಿದೆ.

ರಬ್ಬರಿನ ಬಟ್ಟೆ ತೊಡುವುದೆಂದರೆ ದೊಡ್ಡ ತಲೆದಿಂಬನ್ನು ಸಣ್ಣ ಗವಸಿನೊಳಗೆ ತುರುಕಿದ ಹಾಗೆ. ಕಸ್ತೂರಿ ಒಳಗೆ ಚೂಡಿದಾರ ತೊಟ್ಟೇ ತೊಡುತ್ತೇನೆಂದು ಹಟ ಹಿಡಿದಳು. ನೋಯ್ ನಗುತ್ತ ಒಪ್ಪಿದಳು. ನನ್ನ ಬೆನ್ನಿನ ಜಿಪ್ಪನ್ನು ಇಬ್ಬರೂ ಸೇರಿ ಎಳೆಯಬೇಕಾಯಿತು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಿ ಎಂದರು. ಎಳೆದುಕೊಂಡೆ. ಮತ್ತೆ ಬಿಡಲು ಜಾಗವೇ ಉಳಿಯಲಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೇನೋ ಎಂದುಕೊಂಡೆ.

ನೀರೊಳಗೆ

ನಡುಗಡ್ಡೆಯೊಂದರ ಮಗ್ಗುಲಲ್ಲಿ ಅಲೆಯಿಲ್ಲದ ಕಡೆ ಇಳಿದೆವು. ಮೊದಲು ಎರಡಾಳು ನೀರು, ತಳದಲ್ಲಿ ಬಿಳಿ ಮರಳು. ನೋಯ್ ಮುಂದೆ, ನಾವಿಬ್ಬರೂ ಒಬ್ಬರ ಮಗ್ಗುಲಲ್ಲಿ ಒಬ್ಬರು. ಕಸ್ತೂರಿಯ ಎಡಗೈ ನನ್ನ ಬಲಗೈಯಲ್ಲಿತ್ತು. ಹಗ್ಗ ಹಿಡಿದು ಇಳಿಯುವಾಗ ಕಿವಿ ನೋವಾಯಿತು, ಹಗ್ಗ ಬಿಟ್ಟು ಮೂಗು ಹಿಡಿದು ಊದಿದಾಗ ಹೋಯಿತು. ತಳದಲ್ಲಿ ಮೊಣಕಾಲೂರಿ ಕೂತೆವು. ಗುಳುಗುಳು ಗುಳ್ಳೆಗಳ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಬೆರಳುದ್ದದ ಪಟ್ಟೆಮೀನೊಂದು ಬಂದು ಕಸ್ತೂರಿಯ ಈಜುಗನ್ನಡಕದ ಮುಂದೆ ನಿಂತಿತು. ಆಕೆ ಅದಕ್ಕೂ ತಲೆ ಬಾಗಿಸಿದಳು.

ನನ್ನ ಎದೆ ಬಿಗಿಯತೊಡಗಿತು. ಒದ್ದೆಯಾದ ಧೋತರ ಇನ್ನಷ್ಟು ಬಿಗಿಯುತ್ತದೆಂಬುದು ಟಾರ್ಪಾಲು ಕಟ್ಟುವ ನನಗೆ ತಿಳಿಯದ್ದೇನಲ್ಲ. ಆದರೆ ಆ ಗಳಿಗೆಯಲ್ಲಿ ಅದು ನೆನಪಿಗೆ ಬರಲಿಲ್ಲ. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಇನ್ನೂ ಜೋರಾಗಿ ಎಳೆದೆ. ಇನ್ನೂ ಕಡಿಮೆ ಬಂತು. ಸಿಲಿಂಡರಿನಲ್ಲಿ ಗಾಳಿ ಮುಗಿದಿದೆ, ನನಗೆ ಖಾಲಿ ಸಿಲಿಂಡರ್ ಕಟ್ಟಿದ್ದಾರೆ, ನಾನು ಇಲ್ಲೇ, ಈ ಮರಳಿನ ಮೇಲೆ, ಹುಮನಾಬಾದಿನಿಂದ ಇಷ್ಟು ದೂರ ಬಂದು ಸಾಯುತ್ತಿದ್ದೇನೆ ಎಂದು ತಲೆಯ ತುಂಬ ಒಂದೇ ಮಾತು ಗಿರಕಿ ಹೊಡೆಯತೊಡಗಿತು. ಕೊರಳ ಮೇಲೆ ಕೈ ಆಡಿಸಬೇಕೆಂಬುದು ಮರೆತುಹೋಯಿತು. ಹಳದಿ ಕೊಳವೆ ಮರೆತುಹೋಯಿತು. ನೋಯ್ ಪಕ್ಕದಲ್ಲಿರುವುದೂ ಮರೆತುಹೋಯಿತು. ಎದುರಿಗೆ ಕಂಡದ್ದು ಕಸ್ತೂರಿಯ ಬಾಯಿಂದ ಏಳುತ್ತಿದ್ದ ಗುಳ್ಳೆಗಳು ಮಾತ್ರ. ಆಕೆಯ ಹತ್ತಿರ ಗಾಳಿ ಇದೆ.

ನನ್ನ ಬಾಯಲ್ಲಿದ್ದುದನ್ನು ಉಗುಳಿ, ಎಡಗೈ ಚಾಚಿ, ನನ್ನ ಹೆಂಡತಿಯ ಬಾಯಿಂದ ಉಸಿರಿನ ಕೊಳವೆಯನ್ನು ಕಿತ್ತು ನನ್ನ ಬಾಯಿಗೆ ಇಟ್ಟುಕೊಂಡೆ.

ಕನ್ನಡಕದ ಗಾಜಿನ ಹಿಂದೆ ಆಕೆಯ ಕಣ್ಣು ದೊಡ್ಡದಾದದ್ದು ಕಂಡಿತು. ಬರಿಬಾಯಿ ಕಂಡಿತು. ಆಮೇಲೆ ನಾನು ನೋಡಲಿಲ್ಲ. ಆಕೆಯ ಗಾಳಿ ಎಳೆದೆ. ಅದೂ ಅರ್ಧಕ್ಕೇ ನಿಂತಿತು. ಕಾಲು ಜಾಡಿಸಿ ಮೇಲಕ್ಕೆ ಚಿಮ್ಮಲು ನೋಡಿದೆ. ಯಾರೋ ನನ್ನ ಎದೆಯ ಬೆಲ್ಟಿಗೆ ಕೈ ಹಾಕಿ ಕೆಳಕ್ಕೆ ಜಗ್ಗಿ ಹಿಡಿದರು. ತಿರುಗಿದರೆ ಕಸ್ತೂರಿ. ಬಾಯಲ್ಲಿ ಹಳದಿ ಕೊಳವೆ ಇತ್ತು. ಯಾವಾಗ ಹುಡುಕಿದಳೋ, ಯಾವಾಗ ಕಚ್ಚಿಕೊಂಡಳೋ ಗೊತ್ತಿಲ್ಲ. ಅಷ್ಟರಲ್ಲಿ ನೋಯ್ ಇಬ್ಬರನ್ನೂ ಅಪ್ಪಿ ಹಿಡಿದು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಉಸಿರು ಬಿಡು ಬಿಡು ಎಂದು ಸನ್ನೆ ಮಾಡುತ್ತ ಮೆಲ್ಲಗೆ, ಬಹಳ ಮೆಲ್ಲಗೆ ಮೇಲಕ್ಕೆ ತಂದಳು.

ಮತ್ತೆ ದೋಣಿ

ಜಿಪ್ಪು ಇಳಿಸಿದಾಗ ಎಲ್ಲ ಬಯಲಾಯಿತು. ನೋಯ್ ಆ ಅರಿವೆಯ ಸುತ್ತುಗಳನ್ನು ನೋಡಿ, ಏನಾದರೂ ಪೆಟ್ಟಾಗಿದೆಯೇ, ಫಾರಂನಲ್ಲಿ ಯಾಕೆ ಬರೆಯಲಿಲ್ಲ ಎಂದು ಸಿಟ್ಟಿನಿಂದ ಕೇಳಿದಳು. ನಾನು "ಗಾಡ್" ಎಂದೆ. ಬೇರೆ ಇಂಗ್ಲಿಷು ಬರಲಿಲ್ಲ. ಗಂಟು ಯಾರಿಂದಲೂ ಬಿಚ್ಚಲಾಗಲಿಲ್ಲ. ಕೊನೆಗೆ ಕಸ್ತೂರಿ ನನ್ನ ಬೆನ್ನ ಹಿಂದೆ ಕೂತು ಹಲ್ಲಿನಿಂದ ಬಿಚ್ಚಿದಳು. ಐದು ಸುತ್ತೂ ಕಳಚಿದಾಗ ಕರಡಿಗೆಯ ಗುರುತು ಎದೆಯಲ್ಲಿ ಅಚ್ಚೊತ್ತಿತ್ತು. ಎದೆ ತುಂಬ ಉಸಿರು ಬಂತು. ಸಿಲಿಂಡರ್ ತುಂಬಿಯೇ ಇತ್ತು, ನೋಯ್ ಮೀಟರ್ ತೋರಿಸಿದಳು.

ಆಮೇಲೆ ಆಕೆ ತನ್ನ ಬಟ್ಟೆಯ ಕೊರಳೊಳಗಿಂದ ಒಂದು ದಾರ ಎಳೆದು ತೋರಿಸಿದಳು. ನೀರು ಹೋಗದಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆರಳುಗುರಿನಷ್ಟು ಬುದ್ಧ. ಹೊರಗೆ ತೂಗಾಡಬಾರದು ಅಷ್ಟೆ, ಒಳಗೆ ಇಟ್ಟುಕೋ, ಆದರೆ ದೇವರನ್ನು ಹೀಗೆ ಕಟ್ಟಿಹಾಕಬೇಡ ಎಂದಳು. ಮಠದಲ್ಲಿ ತಲೆ ತಗ್ಗಿಸಿದ ಹಾಗೆ ಇಲ್ಲಿಯೂ ತಲೆ ತಗ್ಗಿಸಿದೆ.

ಮಧ್ಯಾಹ್ನ ಇನ್ನೊಮ್ಮೆ ಇಳಿಯುತ್ತೀರಾ ಎಂದು ನೋಯ್ ಕೇಳಿದಳು. ನಾನು ಕಸ್ತೂರಿಯನ್ನು ನೋಡಿದೆ. ಆಕೆ ಆಗಲೇ ಕಾಲಿಗೆ ರಬ್ಬರಿನ ಮೀನುರೆಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ನೀವು ಇಲ್ಲೇ ಕೂಡ್ರಿ. ನಾ ಈಕಿ ಕೈ ಹಿಡಕೊಂಡು ಹೋಗಿ ಬರತೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಆಕೆ ಮುಳುಗಿದ ಮೇಲೆ ದೋಣಿಯ ಅಂಚು ಹಿಡಿದು ಗುಳ್ಳೆಗಳನ್ನೇ ನೋಡುತ್ತ ಕೂತೆ. ಎರಡು ಸಾಲು ಗುಳ್ಳೆ ಏಳುತ್ತಿದ್ದವು. ಒಮ್ಮೊಮ್ಮೆ ಒಂದೇ ಸಾಲು ಕಾಣುತ್ತಿತ್ತು, ಆಗ ಎದ್ದು ನಿಲ್ಲುತ್ತಿದ್ದೆ. ದೋಣಿಯವನು ಕೈಸನ್ನೆಯಿಂದ ಕೂರಿಸುತ್ತಿದ್ದ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಬೆಳಗಿನದು ನನ್ನ ಜೀವದ ಭಯ. ಇದು ಬೇರೆ. ಅಲ್ಲಿ ಕೆಳಗೆ ಆಕೆಗೆ ಏನಾದರೂ ಆದರೆ, ಆಕೆ ಕೊನೆಯದಾಗಿ ನನ್ನ ಬಗ್ಗೆ ತಿಳಿದದ್ದು ಏನು ಎಂಬ ಭಯ.

ಮುಕ್ಕಾಲು ಗಂಟೆಗೆ ಮೇಲೆ ಬಂದಳು. ಕನ್ನಡಕ ತೆಗೆಯುವ ಮೊದಲೇ ಮಾತು ಶುರು. ಒಂದು ಮೀನಿಗೆ ಗಿಳಿಯ ಮೂಗು ಇತ್ತಂತೆ, ಕಲ್ಲು ಕಡಿಯುತ್ತಿತ್ತಂತೆ, ಕಟಕಟ ಸದ್ದು ಕೇಳಿಸುತ್ತಿತ್ತಂತೆ. ದಂಡೆ ಮುಟ್ಟುವವರೆಗೂ ಹೇಳಿದಳು. ಬೆಳಗಿನ ಮಾತು ಎತ್ತಲಿಲ್ಲ. ಸಂಜೆ ಹೋಟೆಲಿನಲ್ಲಿ ನಾನೇ ಎತ್ತಿದೆ.

"ಕಸ್ತೂರಿ, ನಾ ನಿನ್ನ ಬಾಯಾಗಿಂದು ಕಸಗೊಂಡೆ."

"ಹೌದ್ರಿ. ನನ್ನ ಕಡೆ ಇನ್ನೊಂದು ಇತ್ತಲ್ಲ."

"ಇರದಿದ್ರ?"

ಆಕೆ ಒದ್ದೆ ಚೂಡಿದಾರ ಹಿಂಡಿ ಕಿಟಕಿಗೆ ಒಣಹಾಕಿದಳು.

ಮನೆ

ಹುಮನಾಬಾದಿಗೆ ಬಂದ ವಾರವಿಡೀ ಮನೆಯ ತುಂಬ ಹೆಣ್ಣುಮಕ್ಕಳು. ಕಸ್ತೂರಿ ಮೀನಿನ ಕಥೆ ಹೇಳಿದ್ದೇ ಹೇಳಿದ್ದು. ಹೆದರಿಕೆ ಆಗಲಿಲ್ಲವೇ ಎಂದು ಯಾರೋ ಕೇಳಿದರು. "ಇವರು ಇದ್ರಲ್ಲ. ನೀರಾಗ ನನ್ನ ಕೈ ಬಿಡಲಿಲ್ಲ ನೋಡ್ರಿ," ಎಂದಳು. ನಡುಮನೆಯಲ್ಲಿ ಕೂತು ಕೇಳಿಸಿಕೊಂಡೆ. ಆ ಮಾತು ಓಣಿಯಲ್ಲಿ ಹರಡಿತು, ಅಂಗಡಿಗೂ ಬಂತು. ಗಂಡ ಅಂದ್ರ ಹಿಂಗಿರಬೇಕು ಎಂದು ಸಿಮೆಂಟ್ ಒಯ್ಯಲು ಬಂದವರೂ ಹೇಳಿ ಹೋದರು. ರಫೀಕ್ ಭಾಯಿ ಚಹಾ ಕುಡಿಸಿದರು. ಅವರೆಲ್ಲರ ಮುಂದೆ ನಾನು ತುಟಿ ಬಿಚ್ಚಲಿಲ್ಲ. ಹೆಂಡತಿ ನನ್ನ ಮಾನ ಕಾಯಲು ಸುಳ್ಳು ಹೇಳುತ್ತಿದ್ದಾಳೆ, ನಾನು ಅದರ ನೆರಳಲ್ಲಿ ಕೂತಿದ್ದೇನೆ ಎಂದು ಒಳಗೊಳಗೇ ಕೊರೆಯುತ್ತಿತ್ತು. ಇದನ್ನು ಬರೆಯಲು ಶುರು ಮಾಡಿದ್ದು ಅದಕ್ಕೇ.

ಇಲ್ಲಿಯವರೆಗೆ ಬರೆದದ್ದನ್ನು ಒಂದು ಮಧ್ಯಾಹ್ನ ಆಕೆಗೆ ಓದಿ ಹೇಳಿದೆ. ಆಕೆ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತ ಕೇಳಿದಳು. ಗಿಳಿಮೂಗಿನ ಮೀನಿನ ಬಗ್ಗೆ ಇನ್ನಷ್ಟು ಬರೆಯಬೇಕಿತ್ತು ಎಂದಳು.

"ಉಳಿದದ್ದು?" ಎಂದೆ.

"ಉಳಿದದ್ದು ಬರೋಬರಿ ಅದ. ಆದ್ರ ನಾ ಮಂದಿಗಿ ಸುಳ್ಳ ಹೇಳೀನಿ ಅಂತ ಬರದೀರಲ್ಲ, ಅದು ತಪ್ಪ. ನೀವು ಖರೇನ ಕೈ ಬಿಡಲಿಲ್ಲ."

"ನಿನ್ನ ಉಸಿರ ಕಸಗೊಂಡವ ನಾ, ಕಸ್ತೂರಿ."

"ಕಸಗೊಂಡ್ರಿ. ಒಂದು ಕೈಲೆ ಕಸಗೊಂಡ್ರಿ, ಇನ್ನೊಂದು ಕೈಲೆ ನನ್ನ ಕೈ ಹಿಡದೇ ಇದ್ರಿ. ನಾ ಬಿಡ್ರಿ ಬಿಡ್ರಿ ಅಂತ ಎಷ್ಟ ಜಗ್ಗಿದರೂ ಬಿಡಲಿಲ್ಲ." ಆಕೆ ಎಡಗೈಯನ್ನು ಮೊರದಿಂದ ಎತ್ತಿ ಒಮ್ಮೆ ನೋಡಿಕೊಂಡಳು. "ಬಿಟ್ಟಿದ್ರ ಆ ಹಳದೀದು ಎರಡೂ ಕೈಲೆ ಹುಡುಕತಿದ್ದೆ. ಒಂದೇ ಕೈಲೆ ಹುಡುಕೀನಿ."

ಆಕೆ ಬೇಳೆಗೆ ತಿರುಗಿದಳು.

"ಅದನ್ನೂ ಬರೀರಿ," ಎಂದಳು.